ಕೈಪಿಡಿಯ ‘ಮಾತ್ರ’ ತೆಗೆಸಿದವಳು

ಜಿಯಾಯಿ ಊರಿನ ವೆಂಗ್ ಮುದ್ರಣಾಲಯದಲ್ಲಿ ಲ್ಯಾವ್ ಪಿಶ್ಯಾ ಕರಡು ತಿದ್ದುತ್ತಿದ್ದಳು. ಮದುವೆ ಕಾಗದವಿರಲಿ, ಗುಡಿಯ ಪಂಚಾಂಗವಿರಲಿ, ಟೀ ಡಬ್ಬಿಯ ಚೀಟಿಯಿರಲಿ, ತಪ್ಪೆಂಬುದು ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಹೋಟೆಲಿಗೆ ಹೋದರೆ ಗೋಡೆಯ ಮೇಲಿನ ದರಪಟ್ಟಿ ತಿದ್ದುತ್ತ ಕೂರುತ್ತಾಳೆ, ಟರ್ಕಿಕೋಳಿ ಅನ್ನ ಆರಿ ತಣ್ಣಗಾಗುತ್ತದೆ ಎಂದು ಗಂಡ ಮಿಂಗ್‌ತ್ಸುಂಗ್ ಗೊಣಗುತ್ತಿದ್ದ. ಅವನದು ಸ್ಕೂಟರ್ ರಿಪೇರಿ ಅಂಗಡಿ.

ಮುದ್ರಣಾಲಯದ ಫೈಲುಗಳೆಲ್ಲ ಒಂದೇ ಸರ್ವರಿಗೆ ಬಂದಾಗ ಅದನ್ನು ನೋಡಿಕೊಳ್ಳುವ ಹೊರೆಯೂ ಪಿಶ್ಯಾಳ ತಲೆಗೇ ಬಿತ್ತು. ಕೈಪಿಡಿ ಓದುವವಳು ಅಲ್ಲಿ ಅವಳೊಬ್ಬಳೇ ಎಂಬುದು ಮಾಲೀಕ ವೆಂಗ್‌ನ ವಾದ. ಯಂತ್ರ ಕೆಡದಿರಲೆಂದು ಆ ಸೀಮೆಯವರೆಲ್ಲ ಇಡುವಂತೆ ಅವಳೂ ಸರ್ವರಿನ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ ಇಟ್ಟು, ತಂಟೆ ಮಾಡದೆ ಇರಪ್ಪ ಎಂದು ಕೈಮುಗಿದು, ಕೈಪಿಡಿ ಹಿಡಿದು ಕೂತಳು.

ಒಂದು ಮಧ್ಯಾಹ್ನ ಮದುವೆ ಕಾಗದದಲ್ಲಿ ಮದುಮಗಳ ಹೆಸರು ತಿದ್ದಿಸಲು ಹುಡುಗಿಯ ಮನೆಯವರು ಬಂದು ನಿಂತರು. ಆ ಕಾಗದದ ಫೈಲನ್ನು ತೆರೆದಿಟ್ಟ ವಿನ್ಯಾಸಗಾರ ಅದೆಲ್ಲಿಗೋ ಹೋಗಿದ್ದ. ಅವನು ಮುಚ್ಚದೆ ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಪಿಶ್ಯಾ ಕೈಪಿಡಿ ತೆರೆದಳು. ‘ಈ ಕಮಾಂಡ್ ಹೆಸರಿಸಿದ ಫೈಲನ್ನು ಮಾತ್ರ ಮುಚ್ಚುತ್ತದೆ’ ಎಂದಿತ್ತು. ಕೊಟ್ಟಳು. ಆ ಫೋಲ್ಡರಿನಲ್ಲಿ ಯಾರ್‍ಯಾರು ಏನೇನು ತೆರೆದಿದ್ದರೋ ಅಷ್ಟೂ ಮುಚ್ಚಿಹೋಯಿತು. ಉಳಿಸಿಕೊಳ್ಳದ ಕೆಲಸವೆಲ್ಲ ನೀರುಪಾಲು. ಮೇಜುಮೇಜಿನಿಂದ ಹುಯಿಲೆದ್ದಿತು.

“ಕರಡು ತಿದ್ದು ಅಂದ್ರೆ ನಮ್ಮನ್ನೆಲ್ಲ ಅಳಿಸಿಹಾಕಿಬಿಟ್ಯಲ್ಲ ತಾಯಿ” ಅಂದ ವೆಂಗ್.

ಮರುದಿನ ಊಟದ ಬಿಡುವಿನಲ್ಲಿ ಪಿಶ್ಯಾ ಎಲ್ಲರ ಮೇಜಿನಲ್ಲೂ ಖಾಲಿ ಫೈಲು ತೆರೆಸಿ, ಅದೇ ಕಮಾಂಡ್ ಮತ್ತೆ ಕೊಟ್ಟಳು. ಮತ್ತೆ ಎಲ್ಲವೂ ಮುಚ್ಚಿದವು. ತಪ್ಪು ತನ್ನ ಬೆರಳಿನದಲ್ಲ, ‘ಮಾತ್ರ’ ಎಂಬ ಪದದ್ದು ಎಂದು ಖಾತ್ರಿಯಾದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಸರ್ವರಿನ ಆ ತಂತ್ರಾಂಶವನ್ನೂ ಅದರ ಕೈಪಿಡಿಯನ್ನೂ ಸಂಬಳವಿಲ್ಲದೆ ಪ್ರೀತಿಯಿಂದ ಕಟ್ಟುವ ಬಳಗವೊಂದಿತ್ತು. ನಡೆದದ್ದನ್ನು ಅವರಿಗೆ ಬರೆದು ಕೆಳಗೆ ಮನೆತನದ ಹೆಸರು ‘ಲ್ಯಾವ್’ ಎಂದಷ್ಟೇ ಹಾಕಿದಳು.

ಹ್ವಾಲಿಯೆನ್ ಊರಿನಿಂದ ಕಾವ್ ಯಾವ್‌ಥಿಂಗ್ ಎಂಬಾತ ಉತ್ತರಿಸಿದ: “ಲ್ಯಾವ್ ಅಣ್ಣ, ಆ ಪುಟ ಬರೆದವನು ನಾನೇ. ಸರಿಯಾಗೇ ಇದೆ. ನೀವು ಇನ್ನೊಂದ್ಸಲ ಓದಿ.”

ತನ್ನನ್ನು ಅಣ್ಣ ಎಂದದ್ದನ್ನು ಅವಳು ತಿದ್ದಲು ಹೋಗಲಿಲ್ಲ. ಅದು ಕೈಪಿಡಿಯ ತಪ್ಪಲ್ಲವಲ್ಲ ಎಂದು ಗಂಡನಿಗೆ ಹೇಳಿ ನಕ್ಕಳು. ನಿಮ್ಮ ಕಚೇರಿಯಲ್ಲೇ ಒಮ್ಮೆ ಆ ಕಮಾಂಡ್ ಕೊಟ್ಟು ನೋಡಿ ಎಂದು ಕಾವ್‌ಗೆ ಬರೆದಳು. ಅವನು ಮೀನುಗಾರರ ಸಂಘದಲ್ಲಿ ಸರ್ವರ್ ನೋಡಿಕೊಳ್ಳುವವನು. ತನ್ನ ಬರಹದ ಮೇಲಿನ ಭರವಸೆಯಲ್ಲಿ ಯಾರಿಗೂ ಹೇಳದೆ, ನಡುಹಗಲಲ್ಲೇ ಕೊಟ್ಟುಬಿಟ್ಟ.

“ಅಣ್ಣ, ‘ಮಾತ್ರ’ ತೆಗೆದಿದೀನಿ” ಎಂದು ಉತ್ತರ ಬಂತು. “ಇಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂರ್ತಿಲ್ಲ. ಆ ಪುಟವಿಡೀ ಇನ್ನು ನೀವೇ ಬರೀರಿ.”

ಬರೆದಳು. ಬರೆದದ್ದನ್ನು ಮಿಂಗ್‌ತ್ಸುಂಗ್ ಸ್ಕೂಟರ್ ಬಿಚ್ಚುತ್ತಿರುವಾಗ ಅವನೆದುರು ಓದುವಳು. “ಇಲ್ಲಿ ‘ಅದು’ ಅಂದ್ರೆ ಯಾವ್ದೇ? ಫೈಲಾ, ಫೋಲ್ಡರಾ?” ಎಂದು ಅವನು ತಲೆಯೆತ್ತಿದರೆ ಆ ಸಾಲು ಮತ್ತೆ ಹೊಸದಾಗಬೇಕು. ಒಂದು ಪುಟ ಹೋಗಿ ಹತ್ತಾರು ಪುಟವಾಯಿತು. ಕಾವ್ ಜಗಳ ತೆಗೆಯದೆ ಒಂದನ್ನೂ ಒಪ್ಪಲಿಲ್ಲ. ಅವನ ಜಗಳ ಬಾರದ ವಾರ ಪಿಶ್ಯಾಳಿಗೆ ಏನೋ ಕಳಕೊಂಡಂತಾಗುತ್ತಿತ್ತು.

ಕೆಲವು ವರ್ಷ ಹೀಗೇ ಕಳೆದು, ಆ ಬಳಗ ತಾಯ್‌ಪೇಯ್‌ನಲ್ಲಿ ಸೇರಿದಾಗ ಗಂಡಹೆಂಡತಿ ಹೋದರು. ಪಿಶ್ಯಾ ಟೀ ತರಲು ಹೊರಟವಳು, ಅಡ್ಡ ಬರುತ್ತದೆಂದು ತನ್ನ ಹೆಸರಿನ ಚೀಟಿಯನ್ನು ಗಂಡನ ಕೊರಳಿಗೆ ಹಾಕಿದಳು. ಲೋಟಗಳೊಂದಿಗೆ ಮರಳಿದರೆ, ಬಕ್ಕತಲೆಯ ಗಿಡ್ಡ ಮನುಷ್ಯನೊಬ್ಬ ಮೋಚಿ ಎಂಬ ಅಕ್ಕಿಹಿಟ್ಟಿನ ಸಿಹಿಯ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮಿಂಗ್‌ತ್ಸುಂಗ್‌ನ ಕೈಯನ್ನು ಎರಡೂ ಕೈಯಲ್ಲಿ ಕುಲುಕುತ್ತಿದ್ದ.

“ಲ್ಯಾವ್ ಅಣ್ಣ, ಇಷ್ಟು ಸಲೀಸಾಗಿ ಬರೀತೀರಲ್ಲ, ಏನು ಗುಟ್ಟು?”

“ನಂಗೆ ಅರ್ಥ ಆಗ್ದೆ ಇರೋದನ್ನ ನಾನು ಬಿಡೋದೇ ಇಲ್ಲ” ಎಂದ ಮಿಂಗ್‌ತ್ಸುಂಗ್ ಗಂಭೀರವಾಗಿ. ಮಾತು ಸುಳ್ಳೇನಲ್ಲ. ಆಮೇಲೆ ಹೆಂಡತಿಯ ಕಡೆ ಗದ್ದ ತೋರಿಸಿದ. “ಬರೆಯೋಳು ಮಾತ್ರ ಇವಳು.”

ಕಾವ್ ಕುಲುಕುತ್ತಿದ್ದ ಕೈ ಬಿಟ್ಟು ಅವಳ ಕಡೆ ತಿರುಗಿದ. “ಇಷ್ಟು ವರ್ಷ ಅಣ್ಣ ಅಣ್ಣ ಅಂದೆ. ಒಂದು ಮಾತು ಹೇಳ್ಬಾರದಿತ್ತಾ ಅಕ್ಕ?”

“ಹೇಳಿದ್ರೆ ನೀನು ಅಷ್ಟು ಚೆನ್ನಾಗಿ ಜಗಳ ಆಡ್ತಿರ್ಲಿಲ್ಲ” ಅಂದಳು ಪಿಶ್ಯಾ.

ಅವನು ನಗತೊಡಗಿದವನು ನಿಲ್ಲಿಸಲಾರದೆ ಹೋದ. ಮೋಚಿ ತಿನ್ನುತ್ತ ಮೂವರೂ ಮೆಟ್ಟಿಲ ಮೇಲೆ ಕೂತಾಗ, ಕೈಪಿಡಿಯ ಉಸ್ತುವಾರಿ ಇನ್ನು ನೀವೇ ವಹಿಸಿಕೊಳ್ಳಿ ಎಂದು ಕಾವ್ ಕೇಳಿಕೊಂಡ. ಅವಳಿಗೆ ಬೇಡವೆನ್ನಲು ಮನಸ್ಸೇ ಬರಲಿಲ್ಲ.

ಈಗ ಊರೂರಿನವರು ತಿದ್ದುಪಡಿ ಕಳಿಸುವುದು ಪಿಶ್ಯಾಳಿಗೆ. ಮೊನ್ನೆ ಫಂಗ್‌ಹು ದ್ವೀಪದ ಶಾಲೆಯ ಶಿಕ್ಷಕಿಯೊಬ್ಬಳು ಪಿಶ್ಯಾಳೇ ಬರೆದ ಪುಟದಲ್ಲೊಂದು ತಪ್ಪು ಹುಡುಕಿ ಬರೆದಿದ್ದಳು. ಪಿಶ್ಯಾ ಆ ಪುಟದ ಕಮಾಂಡ್ ಕೊಟ್ಟು ನೋಡಿದಳು, ಹೌದು, ತಪ್ಪೇ. ಅಷ್ಟು ದೂರದಲ್ಲಿ ಯಾರೋ ಸಾಲುಸಾಲಾಗಿ ಓದಿದ್ದಾರಲ್ಲ ಎಂಬ ಹಿಗ್ಗಿಗೆ ಅವಳು ಅಂದು ಮುದ್ರಣಾಲಯದವರಿಗೆಲ್ಲ ಶೇಂಗಾ ಐಸ್‌ಕ್ರೀಮ್ ತರಿಸಿದಳು. ತಪ್ಪು ಮಾಡಿದ್ದಕ್ಕೂ ಸಿಹಿ ಹಂಚೋರು ಉಂಟೇ ಎಂದು ಕೇಳುತ್ತ ವೆಂಗ್ ಎರಡು ತಿಂದ.