ತವರಿನ ಸೀರೆ ಮತ್ತು ಹೊರಡದ ಕಾರು

ನಮ್ಮ ಹಳೆಯ ಪೆಟ್ರೋಲ್ ಕಾರಿಗೆ ಚಾವಿ ತಿರುಗಿಸಿದ ಕೂಡಲೇ, ಇಂಜಿನ್ ಗುಡುಗುವುದಕ್ಕೂ ಮೊದಲು, ಹಿಂದಿನ ಸೀಟಿನ ಅಡಿಯಿಂದ 'ಗುಂಯ್' ಎಂದು ಜೇನುಹುಳದಂಥ ಸಣ್ಣದೊಂದು ದನಿ ಬರುತ್ತದೆ. ಮುಂದೆ ಕೂತು ಗಾಡಿ ನಡೆಸುವ ಗಂಡಸರಿಗೆ ಅದು ಕೇಳಿಸುವುದಿಲ್ಲ. ಹಿಂದೆ ಬುತ್ತಿಗಂಟು ಕಾಯುತ್ತ ಕೂರುವ ನನ್ನಂಥವಳಿಗೆ ಮಾತ್ರ ಆ ಶ್ರವಣಭಾಗ್ಯ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ವಿಜ್ಞಾನದಲ್ಲಿ ನನಗೆ ಉಳಿದದ್ದು ಕಪ್ಪೆಯ ಚಿತ್ರವೊಂದೇ. ಹಾಗಾಗಿ, ಓದುಗರೇ, ನನ್ನ ಯಂತ್ರಜ್ಞಾನವೆಲ್ಲ ಬರೀ ಕಿವಿಯದ್ದು.

ಆ ಮುಂಜಾನೆ ಆ ದನಿ ಬರಲಿಲ್ಲ.

ಔರಾದದಲ್ಲಿ ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ, ತೀರಿಕೊಂಡಿದ್ದಳು. ನಮ್ಮಲ್ಲಿ ಹೆಣ್ಣುಮಗಳು ಮಣ್ಣಿಗೆ ಹೋಗುವಾಗ ಉಡುವುದು ತವರಿನ ಸೀರೆ. ಅವಳ ತವರೆಂದರೆ ಈಗ ಬೀದರಿನ ಮೈಲೂರಿನಲ್ಲಿರುವ ನಾನೊಬ್ಬಳೇ. ಸೀರೆ ನನ್ನ ಮಡಿಲಲ್ಲಿ, ನಾನು ಕಾರಿನಲ್ಲಿ, ಕಾರು ನಿಂತಲ್ಲೇ. ಸೆಲ್ಫ್ ಗರಗರ ತಿರುಗುತ್ತಿತ್ತು, ಇಂಜಿನ್ ಹತ್ತುತ್ತಿರಲಿಲ್ಲ.

"ಹಿಂದ ಗುಂಯ್ ಅನ್ನಲಿಲ್ಲ ನೋಡ್ರಿ," ಎಂದೆ.

"ಗುಂಯ್ ತಗೊಂಡ್ ಏನ್ ಮಾಡ್ಲಿ? ಬ್ಯಾಟರಿ ಕೂತದ. ನೀ ಸುಮ್ ಕೂಡು," ಎಂದರು ನಮ್ಮವರು. ಲೈಟುಗಳೇನೋ ಮದುವೆಮನೆಯಂತೆ ಉರಿಯುತ್ತಿದ್ದವು.

ನಮ್ಮ ಓಣಿಗೊಂದು ಧರ್ಮವಿದೆ: ನಿಂತ ಗಾಡಿ ಕಂಡರೆ ಕೇಳದೆಯೇ ಧಕ್ಕಾ ಕೊಡುವುದು. ದಬ್ಬಿದರೆ ಗಾಡಿ ಹತ್ತುತ್ತಿದ್ದ ಕಾರ್ಬುರೇಟರ್ ಕಾಲದಿಂದ ಬಂದ ಪರೋಪಕಾರವದು. ಒಬ್ಬರು ಹಾಲಿನ ಕ್ಯಾನ್ ಇಳಿಸಿ ಬಂದರು, ಇನ್ನೊಬ್ಬರು ಬಾಯಲ್ಲಿ ಬ್ರಶ್ ಇದ್ದಂತೆಯೇ ಬಂದರು. "ಜೋರ್ ಹಚ್ರಿ! ವೈನಿ, ನೀವ್ ಜರಾ ಇಳೀರಿ, ಗಾಡಿ ವಜ್ಜಿ ಆಗ್ತದ!" ಓಣಿಯ ಆ ತುದಿ, ಈ ತುದಿ. ನಡುನಡುವೆ ಔರಾದದಿಂದ ಅತ್ತೆಯ ಸೊಸೆಯ ಫೋನು: "ಅಕ್ಕಾ, ಎಲ್ಲಿಗಿ ಬಂದ್ರಿ?" "ಹೊಂಟೀವಿ ನೋಡವ್ವ," ಎನ್ನುತ್ತಿದ್ದೆ, ಪ್ರತಿಸಲವೂ ಇನ್ನೈದು ನಿಮಿಷಕ್ಕೆ ಹತ್ತುತ್ತದೆಂದೇ ನಂಬಿದ್ದೆವು.

ಬಿಸಿಲೇರಿದ ಮೇಲೆ ನಮ್ಮವರು, ಭಾಲ್ಕಿಯಲ್ಲಿ ಗಾಡಿ ಸಾಮಾನಿನ ಅಂಗಡಿ ಇಟ್ಟಿರುವ ತಮ್ಮನಿಗೆ ಫೋನು ಹಚ್ಚಿದರು. ಮೈದುನ ಎಲ್ಲ ಕೇಳಿ, "ವೈನಿಗಿ ಕೊಡು," ಎಂದ. "ವೈನಿ, ಚಾವಿ ಹಾಕಿದ್ರ ಹಿಂದ ಸದ್ದು ಬರ್ತದೇನ್ರಿ?"

"ಇಲ್ಲಪ್ಪ."

"ಹಂಗಾರ ಪೆಟ್ರೋಲ್ ಪಂಪ್ ಸತ್ತದ್ರಿ. ಬೀದರ ಮಂದಿ ಎಲ್ಲಾ ಕೂಡಿ ದಬ್ಬಿದ್ರೂ ಪೆಟ್ರೋಲ್ ಇಂಜಿನ್‌ಗಿ ಹೋಗಲ್ಲ. ಫ್ಯೂಸ್ ನೋಡ್ರಿ, ಪಂಪ್ ಪೆಟ್ರೋಲ್ ಟಾಕಿ ಒಳಗೇ ಇರ್ತದ, ಟಾಕಿಗಿ ಕೆಳಗಿಂದ ಮೆಲ್ಲಗ ಬಡೀರಿ."

ಫ್ಯೂಸು ನೆಟ್ಟಗಿತ್ತು. ನಾನು ಲಟ್ಟಣಿಗೆ ತಂದುಕೊಟ್ಟೆ. ನಮ್ಮವರು ಅಂಗಾತ ಮಲಗಿ ಬಡಿದರು. ಒಳಗಿನ ಜೀವ ಒಮ್ಮೆ ನರಳಿತು, ಆಮೇಲೆ ಇಲ್ಲ.

ಬಸ್ಸು ಹಿಡಿದೆವು. ಬಸ್ಸಿಗೇನು, ಕೈಯೆತ್ತಿದಲ್ಲೆಲ್ಲ ನಿಲ್ಲುವ ದಾಕ್ಷಿಣ್ಯ. ಔರಾದ ಮುಟ್ಟಿದಾಗ ಮಣ್ಣಿಗೆ ಹೋದವರು ಕಾಲು ತೊಳೆದು ಮನೆಯೊಳಗೆ ಬರುತ್ತಿದ್ದರು. ಸೊಸೆ ನನ್ನ ಕೈಯ ಚೀಲ ನೋಡಿದಳು.

"ಭಾಳ ಹಾದಿ ನೋಡಿದೆವ್ರಿ ಅಕ್ಕಾ. ಹೊತ್ತು ಮೀರ್ತದಂತ ಹಿರೇರು ಕೇಳಲಿಲ್ಲ. ನಂದೇ ಒಂದು ಸೀರಿ ಉಡಿಸಿ ಕಳಸ್ದೆ."

ಅವಳೇ ನನ್ನನ್ನು ಅತ್ತೆಯನ್ನು ಮಣ್ಣು ಮಾಡಿದ್ದ ಹೊಲಕ್ಕೆ ಕರೆದೊಯ್ದಳು. ಮಣ್ಣಿನ್ನೂ ಹಸಿ. ಸ್ಕರ್ಟು ಬಿಟ್ಟ ವರ್ಷ, "ನೆರಗಿ ಹಿಡೀಲಿಕ್ ಬರಲ್ಲ, ಇಂಗ್ಲಿಷ್ ಹ್ಯಾಂಗ ಬರ್ತದ ನಿನಗ, ಮಡ್ಡಿ?" ಎಂದು ನಗುತ್ತ ನನಗೆ ಸೀರೆ ಉಡುವುದನ್ನು ಕಲಿಸಿದವಳು ಅತ್ತೆ. ತಂದ ಸೀರೆಯ ಮಡಿಕೆ ಬಿಚ್ಚಿ ಮಣ್ಣಿನ ಗುಡ್ಡೆಯ ಮೇಲೆ ಹೊದಿಸಿದೆ. ಗಾಳಿಗೆ ಸೆರಗು ಎದ್ದೆದ್ದು ಬೀಳುತ್ತಿತ್ತು. ಸೊಸೆ ಕಲ್ಲು ಹುಡುಕಿ ತಂದು ಅಂಚಿಗಿಟ್ಟಳು. ನಾನು ನೆರಿಗೆ ಹಿಡಿದೆ, ಒಂದರ ಮೇಲೊಂದು, ಅತ್ತೆ ಕಲಿಸಿದಂತೆಯೇ. ಸಿಕ್ಕಿಸಲು ನಡುವಿರಲಿಲ್ಲ.