ಅಜ್ಜಿಯ ಪಡಸಾಲೆಯ ಒಂಟೆ

ಕ್ಷಮಿಸಿ, ಹಾಸ್ಟೆಲಿನಲ್ಲಿ ಬೆಳೆದ ನನ್ನ ಕನ್ನಡ ಅರ್ಧ ಇಂಗ್ಲಿಷು, ಬರೆಯಬಾರದಿತ್ತೇನೋ. ಆದರೆ ಇಂದು ಕಾಲೇಜಿನ ಮೆಸ್ಸಿನಲ್ಲಿ ಇಂಗಿನ ಒಗ್ಗರಣೆಯ ವಾಸನೆ ಬಂದು ದೇಹೂ ರೋಡ್ ಎಂಬ ಊರಿನ ಅಜ್ಜಿಯ ಮನೆ ನೆನಪಾಯಿತು.

ರಜೆಯಲ್ಲಿ ಅಲ್ಲಿ ನನ್ನನ್ನು ಮೆಮರಿ ಕ್ಲಾಸಿಗೆ ಹಾಕಿದ್ದರು. ನೆನಪಿಡಬೇಕಾದ ರಾಜ್ಯದ ಹೆಸರಿಗೊಂದು ಚಿತ್ರ ಕಟ್ಟಿ, ಅದನ್ನು ಮನಸ್ಸಿನಲ್ಲೇ ಮನೆಯ ಒಂದು ಮೂಲೆಯಲ್ಲಿ ನಿಲ್ಲಿಸಿಕೊಳ್ಳಿ ಎಂದು ಸರ್ ಹೇಳಿಕೊಟ್ಟರು. ನಾನು ಕಣ್ಣು ಮುಚ್ಚಿ, ರಾಜಸ್ಥಾನದ ಒಂಟೆ ಅಡುಗೆಮನೆಗೆ ಬಂತು ಎಂದು ಗಟ್ಟಿಯಾಗಿ ಹೇಳಿಕೊಂಡೆ. ಮಡಿಯಲ್ಲಿದ್ದ ಅಜ್ಜಿ ಸೌಟು ಎತ್ತಿದಳು.

“ಏ ಖೋಡಿ, ಸ್ನಾನ ಇಲ್ಲದ ಒಂಟಿ ಒಳಗ ಬ್ಯಾಡ. ಪಡಸಾಲ್ಯಾಗ ಕಟ್ಟು!”

“ಅಜ್ಜಿ, ಅದು ಖರೇ ಒಂಟಿ ಅಲ್ಲ!”

“ಹಂಗಾರ ಹೊರಗ ನಿಂತ್ರ ಅದಕ್ಕೇನ್ ತ್ರಾಸು?”

ಅಕ್ಕ ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಎಲ್ಲ ಪ್ರಾಣಿಗಳೂ ಪಡಸಾಲೆಗೇ.

ಈಗ ಅಜ್ಜಿಯಿಲ್ಲ, ಆ ಮನೆಯೂ ಇಲ್ಲ. ಅಡುಗೆಮನೆ ಮಾತ್ರ ಹಿತ್ತಾಳೆ ಡಬ್ಬಿಗಳ ಸಮೇತ ಕಣ್ಣಿಗೆ ಕಟ್ಟುತ್ತದೆ. ಪಡಸಾಲೆ ನೆನೆದರೆ ಒಂಟೆ, ಅಸ್ಸಾಮಿನ ಘೇಂಡಾಮೃಗ, ಬರೀ ಗದ್ದಲ. ಮಧ್ಯಾಹ್ನ ಅಜ್ಜಿ ನನ್ನ ತಲೆ ಬಾಚುತ್ತಿದ್ದುದು ಅಲ್ಲೇ. ಕಿಟಕಿಯ ಹತ್ತಿರವೋ, ಬಾಗಿಲ ಬಳಿಯೋ? ಎಷ್ಟು ನೋಡಿದರೂ ಒಂಟೆ ಅಡ್ಡ ನಿಂತಿದೆ.

ಅಕ್ಕಾ, ನೀನೂ ಇದನ್ನು ಓದುತ್ತಿದ್ದು, ನಿನಗೆ ನೆನಪಿದ್ದರೆ ಬೇಗ ಉತ್ತರ ಬರಿ.