ಓಟ ನಿಂತ ಮೇಲೆ ಮನೆಗೆ ಬಂದ ನಾಯಿ

ಎರಡನೇ ಮಹಾಯುದ್ಧ ನಡೆದಿತ್ತು. ನಾವು ಆಗ ಮರಾಠಿ ಸೀಮೆಯಲ್ಲಿದ್ದೆವು. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು ಒಂದು ಸಂಜೆ ಉದ್ದ ಕಾಲಿನ, ಬೂದು ಬಣ್ಣದ ನಾಯಿಯೊಂದನ್ನು ಹಿಡಿದುಕೊಂಡು ಬಂದರು. ಅವರ ಸಾಹೇಬ ಅದನ್ನು ಪಂದ್ಯದಲ್ಲಿ ಓಡಿಸುತ್ತಿದ್ದನಂತೆ. ಹಿಂಗಾಲು ಉಳುಕಿ ಓಟ ನಿಂತಿತ್ತು. ಸಾಹೇಬನಿಗೂ ಬರ್ಮಾ ಕಡೆ ವರ್ಗವಾಗಿತ್ತು.

"ನಾಳೆ ಗುಂಡು ಹಾಕಸ್ತೀನಿ ಅಂದ್ರು. ನಾ ಒಯ್ತೀನ್ರಿ ಅಂತ ಬಾಯಿಗೆ ಬಂದ್ಬಿಡ್ತು," ಎಂದರು ಯಜಮಾನರು.

ಮಡಿಯುಟ್ಟಿದ್ದ ಅತ್ತೆ ಬಾಗಿಲಲ್ಲೇ ತಡೆದರು. "ಒಳಗ ಬ್ಯಾಡ. ಹಿತ್ತಲದಾಗ ಇರ್ಲಿ."

ನನ್ನ ತವರು ಧಾರವಾಡದ ಓಣಿಯಲ್ಲಿ ನಾನು ಕಂಡ ನಾಯಿಗಳ ಹಾಗೆ ಇರಲಿಲ್ಲ ಇದು. ಹುಟ್ಟಿದಾಗಿನಿಂದ ಗೂಡಿನಲ್ಲೇ ಬೆಳೆದದ್ದು. ಎರಡು ಮೆಟ್ಟಿಲು ಇಳಿಯಲೂ ಬಾರದು. ಮೈಮೇಲೆ ಮಾಂಸವಿಲ್ಲ, ಹಿತ್ತಲಿನ ಕಲ್ಲು ನೆಲ ಎಲುಬಿಗೆ ಒತ್ತುತ್ತಿತ್ತು, ಹಾಗಾಗಿ ಮಲಗುತ್ತಲೇ ಇರಲಿಲ್ಲ. ಗೋಡೆಯಿಂದ ಬಾಗಿಲಿಗೆ, ಬಾಗಿಲಿನಿಂದ ಗೋಡೆಗೆ ಉಗುರು ಸಪ್ಪಳ ಮಾಡುತ್ತ ತಿರುಗುತ್ತಿತ್ತು. ಯಜಮಾನರು ಬೆಳಗಿನ ರೈಲುಗಾಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ದಿನವಿಡೀ ಆ ಸಪ್ಪಳ ಕೇಳಿ ನನಗೂ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಅಕ್ಕಿ ಆರಿಸುವುದನ್ನು ಬಿಟ್ಟು ಏಳುತ್ತಿದ್ದೆ, ಏನೂ ಇಲ್ಲದೆ ಹೋಗಿ ನೋಡಿ ಬರುತ್ತಿದ್ದೆ. ಕೊನೆಗೆ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಅದರ ಮೇಲೆ ಮಲಗಿತು, ಅದೂ ಕಣ್ಣು ಬಿಟ್ಟುಕೊಂಡೇ.

ಒಂದು ಬೆಳಿಗ್ಗೆ ಓಣಿಯಲ್ಲಿ ಚಾಕು ಸಾಣೆ ಹಿಡಿಯುವವನ ಚಕ್ರ ಕಿರ್ರೆಂದಿತು. ಪಂದ್ಯದಲ್ಲಿ ನಾಯಿಗಳು ಬೆನ್ನಟ್ಟಲೆಂದು ತಂತಿಯ ಮೇಲೆ ಓಡಿಸುವ ಸುಳ್ಳು ಮೊಲದ ಸದ್ದೂ ಹಾಗೇ ಇರುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ನಾಯಿ ತಗಡಿನ ಬೇಲಿ ಹಾರಿತು, ಸಾಣೆಯವನನ್ನೂ ದಾಟಿ ಓಡಿತು.

ಉಟ್ಟ ಸೀರೆಯಲ್ಲೇ ನಾನೂ ಓಡಿದೆ. ಸಿಕ್ಕಸಿಕ್ಕವರನ್ನು ನನ್ನ ಹರುಕು ಮರಾಠಿಯಲ್ಲಿ ಕೇಳಿದೆ. ಕಾಯಿಪಲ್ಯ ಮಾರುವ ಮುದುಕಿಯೊಬ್ಬಳು ಕೈ ಚಾಚಿ, "ಬಿಬವೇವಾಡಿಕಡಂ ಗೇಲಾ," ಎಂದಳು. ಊರಾಚೆಯ ಆ ಹಳ್ಳಿಯ ಕಡೆ ಹೋಯಿತಂತೆ.

ಬಿಬವೇವಾಡಿಯ ಕೊಯ್ಲಾದ ಜೋಳದ ಹೊಲದಲ್ಲಿ ನಾಯಿ ನಿಂತಿತ್ತು. ತಗಡು ತಾಗಿ ಪಕ್ಕೆಯ ತೊಗಲು ಹಳೆಯ ಬಟ್ಟೆಯ ಹಾಗೆ ಸೀಳಿತ್ತು. ಕರೆದೆ. ಕರೆದರೆ ಬರಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ನಾನು ಎರಡು ಹೆಜ್ಜೆ ಹೋದರೆ ಅದು ನಾಲ್ಕು ಹೆಜ್ಜೆ ಸರಿಯಿತು. ಬದುವಿನ ಮೇಲೆ ಕೂತು ಅಳತೊಡಗಿದೆ. ಆಗ ಅದು ತಾನಾಗಿ ಬಂದು ಇಡೀ ಮೈಭಾರವನ್ನು ನನ್ನ ಹೆಗಲಿಗೆ ಒರಗಿಸಿ ನಿಂತಿತು. ಅದರ ಎದೆ ಡವಗುಟ್ಟುತ್ತಿತ್ತು. ಸೆರಗು ಹರಿದು ಕೊರಳಿಗೆ ಕಟ್ಟಿ ಕರೆತಂದೆ.

ರಕ್ತ ಕಂಡ ಅತ್ತೆ ಅರಿಷಿಣದ ಡಬ್ಬಿ ತಂದು ನೆಲಕ್ಕೆ ಕೂತರು. "ಅದರ ಮಾರಿ ಹಿಡ್ಕೊ, ಕಚ್ಚೀತು," ಎಂದರು.

"ಮಡೀಲಿದ್ದೀರಲ್ರಿ."

"ಇನ್ನೊಮ್ಮೆ ಜಳಕ ಮಾಡ್ತೀನಿ. ನೀ ಹಿಡ್ಕೊ ಮದಲ."

ಮಿಲಿಟರಿ ಕ್ಯಾಂಪಿನ ದನದ ಡಾಕ್ಟರು ಹೊಲಿಗೆ ಹಾಕಿದರು. ಚಳಿಗೆ ನಡುಗುವ ತೆಳು ಮೈಗೆ ಅತ್ತೆಯೇ ಹಳೆಯ ಕಂಬಳಿಯ ಅಂಗಿ ಹೊಲಿದರು. ಕೌದಿ ಪಡಸಾಲೆಗೆ ಬಂತು. ನಾಯಿ ಇನ್ನೂ ಮೂರು ವರ್ಷ ಬಾಳಿ, ಅಲ್ಲೇ ನಿದ್ದೆಯಲ್ಲಿ ಸತ್ತಿತು.

ಅಷ್ಟೂ ವರ್ಷ ನಾನು ಬಾಗಿಲು ಹಾಕಿದೆನೋ ಇಲ್ಲವೋ ಎಂದು ಗಳಿಗೆಗೊಮ್ಮೆ ಎದ್ದು ನೋಡುತ್ತಿದ್ದೆ. ಈಗಲೂ ಊಟದ ನಡುವೆ ಎದ್ದು ಹೋಗಿ ಬಾಗಿಲಿನ ಅಗಳಿ ಮುಟ್ಟಿ ಬರುತ್ತೇನೆ.